ಎಚ್-ಇಂಡೆಕ್ಸ್ ಬರೆಯುವ ಮುಂಚೆ ಪೇಪರ್ ಪಟ್ಟಿ ಸರಿಮಾಡಿಕೊಳ್ಳಿ

ಬಡ್ತಿ ಅರ್ಜಿಯಲ್ಲಿ ಎಚ್-ಇಂಡೆಕ್ಸ್ (ನಿಮ್ಮ ಪೇಪರ್‌ಗಳು ಎಷ್ಟು ಉಲ್ಲೇಖವಾಗಿವೆ ಎಂಬುದರ ಅಳತೆ) ಕೇಳಿದರೆ ಹೆಚ್ಚಿನವರು ಗೂಗಲ್ ಸ್ಕಾಲರ್ ತೆರೆದು, ಅಲ್ಲಿ ಕಂಡ ಅಂಕಿಯನ್ನು ಹಾಗೇ ಬರೆದುಬಿಡುತ್ತಾರೆ. ಆ ಅಂಕಿ ನಿಂತಿರುವುದು ಅದರ ಜೊತೆಗಿರುವ ಪೇಪರ್ ಪಟ್ಟಿಯ ಮೇಲೆ. ಪಟ್ಟಿಯಲ್ಲಿ ಬೇರೆಯವರ ಪೇಪರ್ ನುಸುಳಿದ್ದರೂ, ನಿಮ್ಮದೇ ಬಿಟ್ಟುಹೋಗಿದ್ದರೂ ಲೆಕ್ಕ ಕೆಡುತ್ತದೆ.

ಕಂಪ್ಯೂಟರ್ ವಿಜ್ಞಾನದವರು ಡಿಬಿಎಲ್‌ಪಿ ಎಂಬ ಆನ್‌ಲೈನ್ ಪೇಪರ್ ಸೂಚಿಯಿಂದ ಶುರುಮಾಡುವುದು ಒಳ್ಳೆಯದು. 1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ಸೂಚಿ ಪೇಪರ್‌ಗಳನ್ನು ಬಣ್ಣದ ಗುರುತಿನಿಂದ ಬೇರ್ಪಡಿಸುತ್ತದೆ: ನೀಲಿ ಕಾನ್ಫರೆನ್ಸ್, ಕೆಂಪು ಜರ್ನಲ್, ಬೂದು ಪ್ರಿಪ್ರಿಂಟ್ (ಪರಿಶೀಲನೆಗೆ ಮುಂಚಿನ ಪ್ರತಿ). ಒಂದೇ ಕೆಲಸ ಬೂದಿನಲ್ಲೂ ನೀಲಿಯಲ್ಲೂ ಕಂಡರೆ ಒಂದೇ ಪೇಪರ್ ಎಂದು ಎಣಿಸಿ. ಈ ಕ್ಷೇತ್ರದಲ್ಲಿ ಡೇಟಾಬೇಸ್‌ನ ಸಿಗ್‌ಮಾಡ್, ಮಷಿನ್ ಲರ್ನಿಂಗ್‌ನ ನ್ಯೂರಿಪ್ಸ್‌ನಂಥ ಕಾನ್ಫರೆನ್ಸ್‌ಗಳಿಗೆ ಎಷ್ಟೋ ಜರ್ನಲ್‌ಗಳಿಗಿಂತ ಹೆಚ್ಚು ತೂಕ. ಹಾಗಾಗಿ ಜರ್ನಲ್ ಮಾತ್ರ ಕೇಳುವ ನಮೂನೆ ಕೈಗೆ ಬಂದರೂ ಕಾನ್ಫರೆನ್ಸ್ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಲಗತ್ತಿಸಿ.

ನಮ್ಮ ಕಡೆಯವರಿಗೆ ದೊಡ್ಡ ತೊಡಕು ಹೆಸರಿನದು. ಪೇಪರಿನಲ್ಲಿ ‘ಮಂಜುನಾಥ ಕೆ. ಆರ್.’ ಎಂದು ಅಚ್ಚಾದರೆ ಡೇಟಾಬೇಸ್ ಕೊನೆಯ ‘ಆರ್.’ ಅನ್ನೇ ಮನೆಹೆಸರೆಂದು ಹಿಡಿಯಬಹುದು. ಇನ್ನೊಂದರಲ್ಲಿ ಇನಿಷಿಯಲ್ ಮುಂದೆ ಬಂದಿರುತ್ತದೆ, ಮತ್ತೊಂದರಲ್ಲಿ ಊರು, ತಂದೆಯ ಹೆಸರು ಪೂರ್ತಿ ಬಿಡಿಸಿ ಬರೆದಿರುತ್ತಾರೆ. ಅಲ್ಲಿಗೆ ಒಬ್ಬರು ಮೂವರಾದರು, ಸೈಟೇಶನ್‌ಗಳೂ (ಬೇರೆ ಪೇಪರ್‌ಗಳಲ್ಲಿ ಬಂದ ಉಲ್ಲೇಖಗಳು) ಮೂರು ಪಾಲಾದವು. ಒಂದು ರೂಪವನ್ನು ಆರಿಸಿಕೊಂಡು ಇನ್ನು ಮುಂದೆ ಅದನ್ನೇ ಬಳಸಿ. ಸಂಶೋಧಕರನ್ನು ಗುರುತಿಸುವ 16 ಅಂಕೆಗಳ ಆರ್ಕಿಡ್ (ORCID) ಐಡಿ ಉಚಿತ. ಹಳೆಯ ರೂಪಗಳನ್ನೆಲ್ಲ ಅದರಲ್ಲಿ ಸೇರಿಸಿ, ಪ್ರತಿ ಪೇಪರ್ ಕಳಿಸುವಾಗಲೂ ಐಡಿ ಕೊಡಿ. ಸ್ಕೋಪಸ್ ಎಂಬ ಸೈಟೇಶನ್ ಡೇಟಾಬೇಸ್‌ನಲ್ಲಿ ನಿಮ್ಮ ಹೆಸರಿಗೆ ಎರಡು ಮೂರು ಲೇಖಕ ಐಡಿ ಇದ್ದರೆ ಒಂದಾಗಿಸುವಂತೆ ಅಲ್ಲೇ ಕೋರಿಕೆ ಸಲ್ಲಿಸಬಹುದು.

ಈಗ ಸ್ಕಾಲರ್ ಪ್ರೊಫೈಲ್. ಮೊದಲು ಸೆಟ್ಟಿಂಗ್‌ಗೆ ಹೋಗಿ, ಪೇಪರ್‌ಗಳು ತಾವಾಗಿ ಸೇರುವುದನ್ನು ನಿಲ್ಲಿಸಿ, ಇಮೇಲ್‌ನಲ್ಲಿ ಕೇಳಿ ಸೇರಿಸುವ ಆಯ್ಕೆ ಹಾಕಿ. ‘ಎಸ್. ಕುಮಾರ್’ನಂಥ ಹೆಸರಿದ್ದವರಿಗಂತೂ ಇದು ಕಡ್ಡಾಯ. ಇಲ್ಲದಿದ್ದರೆ ಯಾರದೋ ವೈದ್ಯಕೀಯ ಪೇಪರ್ ನಿಮ್ಮ ಖಾತೆಗೆ ಬಂದು ಕೂರುತ್ತದೆ. ಆಮೇಲೆ ಡಿಬಿಎಲ್‌ಪಿ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ತಾಳೆ ನೋಡಿ. ನಿಮ್ಮದಲ್ಲದ್ದನ್ನು ಅಳಿಸಿ. ಒಂದೇ ಪೇಪರ್ ಎರಡು ಕಡೆ ಇದ್ದರೆ ಎರಡಕ್ಕೂ ಟಿಕ್ ಹಾಕಿ ‘ಮರ್ಜ್’ ಒತ್ತಿ. 7 ಮತ್ತು 6 ಎಂದು ಒಡೆದಿದ್ದ ಸೈಟೇಶನ್ ಒಟ್ಟಾಗಿ 13ರವರೆಗೆ ಹೋಗಬಹುದು. ಆದರೆ ಕಾನ್ಫರೆನ್ಸ್ ಪೇಪರನ್ನು ಅದರ ವಿಸ್ತೃತ ಜರ್ನಲ್ ರೂಪದೊಂದಿಗೆ ಬೆರೆಸಬೇಡಿ. ಅವು ಎರಡು ಬೇರೆ ಪ್ರಕಟಣೆಗಳು. ಸೈಟೇಶನ್ ಸಂಖ್ಯೆಯ ಪಕ್ಕ ನಕ್ಷತ್ರ ಚಿಹ್ನೆ ಕಂಡರೆ ಅದರಲ್ಲಿ ಬೇರೆ ಲೇಖನದ ಎಣಿಕೆಯೂ ಸೇರಿರಬಹುದು. ಅದನ್ನು ತೆರೆದು ನೋಡಲೇಬೇಕು.

ಭೌತವಿಜ್ಞಾನಿ ಜಾರ್ಜ್ ಹಿರ್ಶ್ 2005ರಲ್ಲಿ ಸೂಚಿಸಿದ ಎಚ್-ಇಂಡೆಕ್ಸನ್ನು ಕೈಯಲ್ಲೇ ಲೆಕ್ಕ ಹಾಕಬಹುದು. ಸೈಟೇಶನ್‌ಗಳನ್ನು ಇಳಿಕೆಯ ಕ್ರಮದಲ್ಲಿ ಬರೆಯಿರಿ: 48, 22, 15, 9, 6, 5, 3, 1. ತನ್ನ ಕ್ರಮಸಂಖ್ಯೆಯಷ್ಟಾದರೂ ಸೈಟೇಶನ್ ಇರುವ ಕೊನೆಯ ಪೇಪರಿನ ಕ್ರಮಸಂಖ್ಯೆಯೇ ಎಚ್-ಇಂಡೆಕ್ಸ್. ಐದನೆಯ ಪೇಪರಿಗೆ 6 ಇದೆ, ಸಾಕು. ಆರನೆಯದಕ್ಕೆ ಇರುವುದು 5, ಸಾಲದು. ಎಚ್-ಇಂಡೆಕ್ಸ್ 5. ಆರನೆಯದಕ್ಕೆ ಇನ್ನೊಂದೇ ಸೈಟೇಶನ್ ಬಂದರೆ 6 ಆಗುತ್ತದೆ. ಮೊದಲನೆಯದು 48ರಿಂದ 4,800ಕ್ಕೆ ಏರಿದರೂ 5 ಹಾಗೇ ಇರುತ್ತದೆ. ಒಂದೇ ಒಂದು ಮಹತ್ವದ ಪೇಪರ್ ಬರೆದವರಿಗೆ ಈ ಅಳತೆಯಿಂದ ಆಗುವ ಅನ್ಯಾಯ ಸಣ್ಣದಲ್ಲ. ಇದೇ ಪಟ್ಟಿಯಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಸೈಟೇಶನ್ ಇರುವವು ಮೂರು, ಅಂದರೆ ಐ10-ಇಂಡೆಕ್ಸ್ 3.

ಸ್ಕೋಪಸ್‌ನ ಅಂಕಿ ಕಡಿಮೆ ಕಂಡರೆ ಗಾಬರಿ ಬೇಡ. ಸ್ಕಾಲರ್ ಪ್ರಬಂಧ, ಪ್ರಿಪ್ರಿಂಟ್, ತಾಂತ್ರಿಕ ವರದಿಗಳಲ್ಲಿನ ಉಲ್ಲೇಖವನ್ನೂ ಎಣಿಸುತ್ತದೆ; ಸ್ಕೋಪಸ್ ತಾನು ಆಯ್ದ ಪ್ರಕಟಣೆಗಳಿಗೆ ಹೆಚ್ಚಾಗಿ ಸೀಮಿತ. ಸ್ವಂತ ಉಲ್ಲೇಖ ಕಳೆದು ನೋಡುವ ಸೌಲಭ್ಯ ಸ್ಕೋಪಸ್‌ನಲ್ಲಿದೆ, ಸ್ಕಾಲರ್‌ನಲ್ಲಿ ಇಲ್ಲ. ಇನ್ನು ಮಷಿನ್ ಲರ್ನಿಂಗ್‌ನವರ ಅಂಕಿಯನ್ನು ಥಿಯರಿಯವರ ಅಂಕಿಯ ಪಕ್ಕ ಇಟ್ಟು ತೂಗಲೇಬೇಡಿ. ಬರೆಯುವವರ ಸಂಖ್ಯೆಯೂ ಉಲ್ಲೇಖದ ರೂಢಿಯೂ ಎರಡು ಕಡೆ ಬೇರೆ.

ಅರ್ಜಿಯಲ್ಲಿ ಅಂಕಿಯ ಜೊತೆಗೆ ಮೂಲ ಮತ್ತು ದಿನಾಂಕ ಬರೆಯಿರಿ, ಅವತ್ತಿನ ಪುಟವನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ. ಕೆಳಗೆ ನಿಮ್ಮ ಮೂರು ಮುಖ್ಯ ಪೇಪರ್ ಹೆಸರಿಸಿ, ಪ್ರತಿಯೊಂದನ್ನೂ ಯಾರು ಯಾವುದಕ್ಕೆ ಬಳಸಿದ್ದಾರೆಂದು ಎರಡೆರಡು ಸಾಲು ಸೇರಿಸಿ.