ಫಂಡ್ ನಿಲ್ಲುತ್ತದೆ ಎಂದಾಗ ನಾವು ಮಾಡಿದ್ದು

ಕೊಪ್ಪಳ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ನಮ್ಮ ಸಂಸ್ಥೆ ಸಂಜೆ ಟ್ಯೂಷನ್ ಕೇಂದ್ರಗಳನ್ನು ನಡೆಸುತ್ತಿತ್ತು. ಹಣ ಯುರೋಪಿನ ಒಂದು ಸಂಸ್ಥೆಯದು. ಅಲ್ಲಿನ ಒಬ್ಬೊಬ್ಬ ದಾನಿಗೆ ಇಲ್ಲಿನ ಒಂದೊಂದು ಮಗು, ವರ್ಷಕ್ಕೊಂದು ಪತ್ರ, ಒಂದು ಫೋಟೊ. ಒಂದು ದಿನ ಮೇಲ್ ಬಂತು: ಭಾರತದ ಕೆಲಸ ಮುಗಿಸುತ್ತಿದ್ದೇವೆ, ಡಿಸೆಂಬರ್‌ವರೆಗೆ ಮಾತ್ರ ಹಣ.

ಅವರ ಲೆಕ್ಕದ ವರ್ಷ ಡಿಸೆಂಬರ್‌ಗೆ ಮುಗಿಯುತ್ತದೆ. ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಆಗ ಪರೀಕ್ಷೆ ಹತ್ತಿರ. ಹಾಗಾಗಿ ನಾನು ಮೊದಲು ಕೇಳಿದ್ದು ಟೈಮ್. ಉಳಿದ ಹಣವನ್ನೇ ಸ್ವಲ್ಪ ಸ್ವಲ್ಪ ಬಳಸಿ ಶಾಲೆ ವರ್ಷ ಮುಗಿಯೋ ತನಕ ನಡೆಸುತ್ತೇವೆ ಎಂದೆ. ಒಪ್ಪಿದರು.

ಪಕ್ಕದ ತಾಲ್ಲೂಕಿನ ಸಂಸ್ಥೆಯೊಂದು ಕೇಂದ್ರಗಳನ್ನು ವಹಿಸಿಕೊಳ್ಳಲು ತಯಾರಿತ್ತು. ಉಳಿದ ಹಣವನ್ನು ಅವರಿಗೆ ಕೊಟ್ಟುಬಿಡಿ ಅಂತ ಯುರೋಪಿನ ಸಂಸ್ಥೆಯವರೇ ಬರೆದರು. ಪಾಪ, ಅವರಿಗೆ ಇಲ್ಲಿನ ಕಾನೂನು ಗೊತ್ತಿರಲಿಲ್ಲ. ವಿದೇಶಿ ದೇಣಿಗೆಯ ಕಾನೂನಾದ ಎಫ್‌ಸಿಆರ್‌ಎಗೆ 2020ರಲ್ಲಿ ತಿದ್ದುಪಡಿ ಆದಮೇಲೆ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆ ಸಂಸ್ಥೆಗೂ ಎಫ್‌ಸಿಆರ್‌ಎ ನೋಂದಣಿ ಇದ್ದರೂ ಅಷ್ಟೇ. ವಿದೇಶಿ ಹಣದಲ್ಲಿ ಆಡಳಿತ ಖರ್ಚಿಗೆ ಬಳಸಬಹುದಾದ ಮಿತಿಯೂ ಆಗಲೇ 50%ರಿಂದ 20%ಕ್ಕೆ ಇಳಿದಿತ್ತು. ಮುಚ್ಚುವ ವರ್ಷದಲ್ಲಿ ಇದು ಚೆನ್ನಾಗಿಯೇ ಬಿಸಿ ಮುಟ್ಟಿಸುತ್ತದೆ. ಕೆಲಸ ಕಡಿಮೆಯಾದರೂ ಆಫೀಸ್ ಬಾಡಿಗೆ, ಅಕೌಂಟೆಂಟ್ ಸಂಬಳ, ಆಡಿಟ್ ಫೀಸು ಕಡಿಮೆಯಾಗುವುದಿಲ್ಲ ಅಲ್ವಾ? ಅದರ ಮೇಲೆ ಕೆಲಸ ಬಿಡುವ ಸಿಬ್ಬಂದಿಗೆ ಗ್ರಾಚ್ಯುಟಿ. 5 ವರ್ಷ ತುಂಬಿದವರಿಗೆ ವರ್ಷಕ್ಕೆ 15 ದಿನದ ಸಂಬಳದಂತೆ ಕೊಡಬೇಕಿತ್ತು. ಯಾವ ಫಂಡರ್ ಕೂಡ ತಾನಾಗಿ ಇದನ್ನು ಬಜೆಟ್‌ಗೆ ಹಾಕುವುದಿಲ್ಲ. ಆಡಿಟರ್ ಜೊತೆ ಕೂತು ತಲೆಗೆಷ್ಟು ಅಂತ ಪಟ್ಟಿ ಮಾಡಿ ಕಳಿಸಿದೆ. ಸ್ವಲ್ಪ ಎಳೆದಾಡಿದರು, ಕೊನೆಗೆ ಕೊಟ್ಟರು.

ಊರವರಿಗೆ ಮೊದಲೇ ಹೇಳಬೇಡಿ, ಗಾಬರಿಯಾಗುತ್ತಾರೆ ಎಂದು ನಮ್ಮ ಬೋರ್ಡಿನಲ್ಲೇ ಕೆಲವರು ಅಂದರು. ನನಗೆ ಸರಿ ಅನ್ನಿಸಲಿಲ್ಲ. ಅದೇ ತಿಂಗಳು ಒಂದೊಂದೇ ಊರಿನಲ್ಲಿ ತಾಯಂದಿರ ಸಭೆ ಕರೆದೆವು. ಸುತ್ತಿಬಳಸದೆ, ಯಾವ ತಿಂಗಳಿಗೆ ನಿಲ್ಲುತ್ತದೆ, ಯಾಕೆ, ಅಷ್ಟೇ ಹೇಳಿದೆವು. ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಕೇಳಿದರು: “ಅಕ್ಕಾರ, ನಮ್ಮ ಹುಡುಗಿ ಏನರ ತಪ್ಪ ಬರದಾಳೇನ್ರಿ ಕಾಗದದಾಗ?” ಮೊಮ್ಮಗಳ ಪತ್ರ ಇಷ್ಟವಾಗದೆ ಹಣ ನಿಂತಿತು ಅಂದುಕೊಂಡಿದ್ದರು. ಆ ಹುಡುಗಿ ಅಲ್ಲೇ ಕಂಬಕ್ಕೆ ಒರಗಿ ನಿಂತು ನನ್ನ ಮುಖ ನೋಡುತ್ತಿದ್ದಳು.

ಆಮೇಲೆ ಪ್ರತಿ ಮಗುವಿಗೂ ದಾನಿಯಿಂದ ಕೊನೆಯ ಪತ್ರ ಬರಲೇಬೇಕು, ಅದರಲ್ಲಿ ಕಾರಣ ಇರಲೇಬೇಕು ಅಂತ ಹಟ ಹಿಡಿದೆ. ಎಲ್ಲರೂ ಬರೆಯಲಿಲ್ಲ. ಬರೆಯದವರ ಪರವಾಗಿ ಯುರೋಪಿನ ಸಂಸ್ಥೆಯ ಆಫೀಸಿನಿಂದಲೇ ಬರೆಸಿದೆ. ಕನ್ನಡಕ್ಕೆ ಮಾಡಿ, ಮನೆಯವರೆಲ್ಲ ಇರುವಾಗ ಓದಿ ಹೇಳುವ ಕೆಲಸ ಟ್ಯೂಷನ್ ಟೀಚರ್‌ಗಳದು. ಮಕ್ಕಳ ಫೋಟೊ, ಮನೆ ಪರಿಸ್ಥಿತಿಯ ವಿವರಗಳನ್ನು ಅವರ ವೆಬ್‌ಸೈಟಿನಿಂದ ತೆಗೆಸುವುದನ್ನೂ ಮುಕ್ತಾಯದ ಒಪ್ಪಂದದಲ್ಲಿ ಬರೆಸಿಕೊಂಡೆವು. ಸಂಬಂಧ ಮುಗಿದ ಮೇಲೂ ಬಡ ಮಗುವಿನ ಮುಖ ತೋರಿಸಿ ಚಂದಾ ಎತ್ತುವುದು ನನ್ನ ಪ್ರಕಾರ ತಪ್ಪು.

ಎರಡು ಊರಿನಲ್ಲಿ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರು ಶಾಲೆಯ ಕೋಣೆ ಬಿಟ್ಟುಕೊಟ್ಟರು, ಪೋಷಕರು ತಿಂಗಳಿಗಿಷ್ಟು ಅಂತ ಸೇರಿಸಿ ಟೀಚರ್‌ಗೆ ಕೊಡುತ್ತಾರೆ. ಪಕ್ಕದ ಸಂಸ್ಥೆ ತನ್ನದೇ ಸ್ಥಳೀಯ ದೇಣಿಗೆಯಿಂದ ಒಂದನ್ನು ನಡೆಸುತ್ತಿದೆ. ಉಳಿದವು ಮುಚ್ಚಿದವು. ಕೊನೆಯ ವರದಿಯಲ್ಲಿ ಮುಚ್ಚಿದ ಊರುಗಳ ಹೆಸರನ್ನೂ ಹಾಕಿಯೇ ಕಳಿಸಿದೆ.