ಹತ್ತು ಮಂದಿಯ ಕುದುರೆಗಳಿರುವ ಲಾಯಕ್ಕೆ ಹುಳುಕಡ್ಡಿ ಬಂದರೆ

ಬೆಂಗಳೂರಿನ ಹೊರವಲಯದಲ್ಲಿ ಸವಾರಿ ಕಲಿಸುವ ಶಾಲೆಗಳೂ, ಬೇರೆ ಬೇರೆಯವರ ಕುದುರೆಗಳನ್ನು ತಿಂಗಳ ಬಾಡಿಗೆಗೆ ಇರಿಸಿಕೊಂಡು ಸಾಕುವ ಲಾಯಗಳೂ ಇವೆ. ಇಂಥ ಕಡೆ ಕುದುರೆ ಒಬ್ಬೊಬ್ಬರದಾದರೂ ಮೈ ಉಜ್ಜುವ ಬ್ರಷ್ಷು, ಜೀನಿನ ಕೆಳಗೆ ಹಾಸುವ ನಮ್ದಾ, ಹೊಟ್ಟೆಗೆ ಬಿಗಿಯುವ ಗರ್ತ್, ಕಟ್ಟುವ ಹಗ್ಗ ಇವೆಲ್ಲ ಕೈಯಿಂದ ಕೈಗೆ, ಮೈಯಿಂದ ಮೈಗೆ ಸಾಗುತ್ತಲೇ ಇರುತ್ತವೆ. ಹುಳುಕಡ್ಡಿ ಹರಡುವುದು ಈ ದಾರಿಯಲ್ಲೇ. ಆದ್ದರಿಂದ ಕುದುರೆಯ ಮೈಗೆ ಔಷಧ ಹಚ್ಚುವುದು ಈ ಕೆಲಸದ ಸುಲಭದ ಪಾಲು. ವಸ್ತುಗಳನ್ನೂ ಕೈಗಳನ್ನೂ ಬೇರ್ಪಡಿಸಿ, ಆ ಬೇರ್ಪಾಡನ್ನು ತಿಂಗಳುಗಟ್ಟಲೆ ಕಾಪಾಡಿಕೊಳ್ಳುವುದು ಕಷ್ಟದ ಪಾಲು, ಮತ್ತು ಬಹುತೇಕ ಲಾಯಗಳು ಸೋಲುವುದು ಅಲ್ಲಿಯೇ.

ಗಜಕರ್ಣವೆಂದೂ ಕರೆಯುವ ಈ ರೋಗಕ್ಕೆ ಶಿಲೀಂಧ್ರ ಕಾರಣ. ಕುದುರೆಗಳಲ್ಲಿ ಹೆಚ್ಚಾಗಿ ಕಾಣುವುದು ಟ್ರೈಕೊಫೈಟಾನ್ ಈಕ್ವಿನಮ್. ಪಕ್ಕದಲ್ಲಿ ದನದ ಕೊಟ್ಟಿಗೆ ಇದ್ದರೆ ದನಗಳಲ್ಲಿರುವ ಟ್ರೈಕೊಫೈಟಾನ್ ವೆರುಕೋಸಮ್, ಲಾಯದಲ್ಲಿ ಓಡಾಡುವ ಬೆಕ್ಕು ನಾಯಿಗಳಿಂದ ಮೈಕ್ರೊಸ್ಪೋರಮ್ ಕೇನಿಸ್ ಕೂಡ ಬರಬಹುದು. ಈ ಶಿಲೀಂಧ್ರಗಳು ಚರ್ಮದ ಹೊರಪದರ ಮತ್ತು ಕೂದಲಿನಲ್ಲಿರುವ ಕೆರಟಿನ್ ಎಂಬ ಪ್ರೋಟೀನನ್ನು ಉಂಡು ಬದುಕುತ್ತವೆ. ಉದುರಿದ ಕೂದಲು ಮತ್ತು ಚರ್ಮದ ಹೊಟ್ಟಿನ ಜೊತೆ ನೆಲಕ್ಕೆ ಬೀಳುವ ಇವುಗಳ ಬೀಜಕಗಳು ಮರದ ಹಲಗೆಯ ಸಂದಿಯಲ್ಲಿ, ನಮ್ದಾದ ನೇಯ್ಗೆಯಲ್ಲಿ, ಬ್ರಷ್ಷಿನ ಬುಡದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಜೀವ ಹಿಡಿದುಕೊಂಡಿರುತ್ತವೆ. ಸೋಂಕು ತಗುಲಿದ ಮೇಲೆ ಗುರುತು ಕಾಣಿಸಲು ಸಾಮಾನ್ಯವಾಗಿ 1ರಿಂದ 4 ವಾರ ಹಿಡಿಯುತ್ತದೆ. ಅಂದರೆ ಮೊದಲ ಕುದುರೆಯ ಮೇಲೆ ಕಲೆ ಕಂಡ ದಿನವೇ ಇನ್ನೂ ಎರಡು ಮೂರು ಕುದುರೆಗಳಿಗೆ ಸೋಂಕು ದಾಟಿರಬಹುದು ಎಂದುಕೊಂಡೇ ಕೆಲಸ ಆರಂಭಿಸಬೇಕು.

ಗುರುತಿಸುವುದು

ಆರಂಭದಲ್ಲಿ ಬೋಳು ಕಲೆ ಇರುವುದಿಲ್ಲ. ಗರ್ತ್ ಕಟ್ಟುವ ಜಾಗದಲ್ಲಿ, ಜೀನು ಕೂರುವ ಬೆನ್ನಿನಲ್ಲಿ, ಕುತ್ತಿಗೆ, ಭುಜ ಅಥವಾ ಮುಖದ ಮೇಲೆ ಕೂದಲು ಸಣ್ಣ ಸಣ್ಣ ಗೊಂಚಲಾಗಿ ನಿಮಿರಿ ನಿಂತಿರುತ್ತದೆ. ಅಂಗೈಯನ್ನು ಕೂದಲಿನ ಎದುರು ದಿಕ್ಕಿಗೆ ಸರಿಸಿದರೆ ಕಣ್ಣಿಗೆ ಬೀಳುವ ಮೊದಲೇ ಬೆರಳಿಗೆ ಗಂಟಿನಂತೆ ತಗುಲುತ್ತದೆ. ಇದನ್ನು ಕೀಟ ಕಚ್ಚಿದ ದದ್ದು ಎಂದು ಭಾವಿಸಿ ಬಿಟ್ಟುಬಿಡುವವರೇ ಹೆಚ್ಚು. ಕೆಲವು ದಿನಗಳಲ್ಲಿ ಆ ಗೊಂಚಲು ಹೊಟ್ಟಿನ ಸಮೇತ ಕಿತ್ತು ಬಂದು, ಕೆಳಗೆ ಬೂದು ಬಣ್ಣದ, ಪುಡಿ ಉದುರುವ ದುಂಡು ಕಲೆ ಉಳಿಯುತ್ತದೆ. ಕಲೆಯ ಅಂಚಿನ ಕೂದಲು ಅರ್ಧಕ್ಕೆ ಮುರಿದಿರುತ್ತದೆ. ತುರಿಕೆ ಬಹುತೇಕ ಇರುವುದಿಲ್ಲ, ಇದ್ದರೂ ಅಲ್ಪ. ಮರಿಗಳಿಗೂ ಎಳೆಯ ಕುದುರೆಗಳಿಗೂ ಇದು ಬೇಗ ಅಂಟುತ್ತದೆ. ಒಮ್ಮೆ ಬಂದು ಹೋದವುಗಳಿಗೆ ಸ್ವಲ್ಪ ಮಟ್ಟಿನ ರೋಗನಿರೋಧಕ ಶಕ್ತಿ ಉಳಿಯುತ್ತದೆ.

ಮಳೆಗಾಲದಲ್ಲಿ ಹೊರಗೆ ನೆನೆದ ಕುದುರೆಯ ಬೆನ್ನಿನುದ್ದಕ್ಕೂ ಪೇಂಟ್ ಬ್ರಷ್ಷಿನಂತೆ ಕೂದಲು ಅಂಟಿಕೊಂಡು, ಕಿತ್ತರೆ ಕೆಳಗೆ ಹಸಿ ಕೀವು ಕಂಡರೆ ಅದು ಡರ್ಮಟೊಫಿಲಸ್ ಎಂಬ ಬ್ಯಾಕ್ಟೀರಿಯಾದ ಸೋಂಕಾಗಿರುವ ಸಾಧ್ಯತೆ ಹೆಚ್ಚು. ವಿಪರೀತ ತುರಿಕೆಯಿದ್ದು ಕುದುರೆ ಕಂಬಕ್ಕೆ ಮೈ ಉಜ್ಜುತ್ತಿದ್ದರೆ ಕಜ್ಜಿ ಹುಳು ಅಥವಾ ಕೀಟದ ಅಲರ್ಜಿಯನ್ನು ಶಂಕಿಸಬೇಕು. ಆದರೆ ನಮ್ಮ ದೇಶದಲ್ಲಿ ಎಲ್ಲಕ್ಕಿಂತ ಮೊದಲು ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕಾದದ್ದು ಗ್ಲ್ಯಾಂಡರ್ಸ್ ಎಂಬ ಬ್ಯಾಕ್ಟೀರಿಯಾ ರೋಗ. ಕಾಲಿನ ಒಳಭಾಗದಲ್ಲೋ ಮೈಮೇಲೋ ಗಂಟುಗಳು ಹುರಿ ಹಗ್ಗದಂತೆ ಸಾಲಾಗಿ ಎದ್ದು, ಒಡೆದು, ಜೇನಿನಂಥ ಅಂಟು ಕೀವು ಸುರಿಯುತ್ತಿದ್ದರೆ, ಮೂಗಿನಿಂದ ಸಿಂಬಳ ಹರಿಯುತ್ತಿದ್ದರೆ, ಜ್ವರವಿದ್ದರೆ ಆ ಕುದುರೆಯನ್ನು ಮುಟ್ಟುವುದನ್ನೇ ನಿಲ್ಲಿಸಿ ಕೂಡಲೇ ಸರ್ಕಾರಿ ಪಶುವೈದ್ಯರಿಗೆ ತಿಳಿಸಬೇಕು. ಅದು ಮನುಷ್ಯರ ಪ್ರಾಣಕ್ಕೂ ಎರವಾಗಬಲ್ಲ ರೋಗ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಮತ್ತು ನಿಯಂತ್ರಣ ಕಾಯ್ದೆಯ ಪ್ರಕಾರ ಅದನ್ನು ವರದಿ ಮಾಡುವುದು ಕಡ್ಡಾಯ, ಮುಚ್ಚಿಡಲು ಬರುವುದಿಲ್ಲ.

ಹುಳುಕಡ್ಡಿ ಎಂಬುದನ್ನು ಖಚಿತಪಡಿಸಿಕೊಳ್ಳಲು ಪಶುವೈದ್ಯರು ಕಲೆಯ ಅಂಚಿನ ಮುರಿದ ಕೂದಲನ್ನೂ ಹೊಟ್ಟನ್ನೂ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ ಅಥವಾ ಶಿಲೀಂಧ್ರವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕಳುಹಿಸುತ್ತಾರೆ. ಮಾದರಿಯನ್ನು ಔಷಧ ಹಚ್ಚುವ ಮೊದಲೇ ತೆಗೆಯಬೇಕು, ಕಲೆಯ ನಡುವಿನಿಂದಲ್ಲ, ಅಂಚಿನಿಂದ ತೆಗೆಯಬೇಕು, ಮತ್ತು ಪ್ಲಾಸ್ಟಿಕ್ ಚೀಲದ ಬದಲು ಕಾಗದದ ಲಕೋಟೆಯಲ್ಲಿ ಹಾಕಬೇಕು. ಪ್ಲಾಸ್ಟಿಕ್ಕಿನೊಳಗೆ ತೇವ ನಿಂತು ಬೇರೆ ಬೂಷ್ಟು ಬೆಳೆದು ಪರೀಕ್ಷೆ ಕೆಡುತ್ತದೆ. ಮಾದರಿ ಕುದುರೆಯದು ಎಂದು ಲಕೋಟೆಯ ಮೇಲೆ ಸ್ಪಷ್ಟವಾಗಿ ಬರೆಯುವುದನ್ನು ಮರೆಯಬಾರದು, ಏಕೆಂದರೆ ಟ್ರೈಕೊಫೈಟಾನ್ ಈಕ್ವಿನಮ್‌ನ ಸಾಮಾನ್ಯ ತಳಿಗೆ ಬೆಳೆಯಲು ನಿಯಾಸಿನ್ ಜೀವಸತ್ವ ಬೇಕು, ಅದನ್ನು ಸೇರಿಸದ ಮಾಧ್ಯಮದಲ್ಲಿ ಸೋಂಕಿದ್ದರೂ ಏನೂ ಬೆಳೆಯದೆ ಹೋಗಬಹುದು. ಕಲ್ಚರ್ ಫಲಿತಾಂಶಕ್ಕೆ 2ರಿಂದ 3 ವಾರ ಬೇಕಾಗುವುದರಿಂದ ಅದಕ್ಕಾಗಿ ಕಾದು ಕೂರದೆ ಪ್ರತ್ಯೇಕಿಸುವ ಕೆಲಸವನ್ನು ಅಂದೇ ಆರಂಭಿಸಬೇಕು. ನೇರಳಾತೀತ ವುಡ್ಸ್ ದೀಪ ಹಿಡಿದು ನೋಡಿ, ಏನೂ ಹೊಳೆಯಲಿಲ್ಲವೆಂದು ನಿಶ್ಚಿಂತರಾಗುವುದು ಸರಿಯಲ್ಲ. ಕುದುರೆಗಳಲ್ಲಿ ಹೆಚ್ಚಾಗಿ ಕಾಣುವ ಟ್ರೈಕೊಫೈಟಾನ್ ಈಕ್ವಿನಮ್ ಆ ಬೆಳಕಿಗೆ ಹೊಳೆಯುವುದೇ ಇಲ್ಲ.

ಮೊದಲ ದಿನ

ಮೊದಲು ಮಾಡಬೇಕಾದದ್ದು ಎಲ್ಲ ಮಾಲೀಕರಿಗೂ ತಿಳಿಸುವುದು. ಹೆಸರು ಕೆಡುತ್ತದೆ, ತರಗತಿಗಳು ನಿಲ್ಲುತ್ತವೆ ಎಂಬ ಅಂಜಿಕೆಯಿಂದ ಲಾಯದವರು ಸುದ್ದಿಯನ್ನು ಅದುಮಿಡುವುದುಂಟು. ಅಷ್ಟರಲ್ಲಿ ಯಾರೋ ತಮ್ಮ ಕುದುರೆಯನ್ನು ಸ್ಪರ್ಧೆಗೆಂದು ಬೇರೆಡೆಗೆ ಒಯ್ದು, ಅಲ್ಲಿನ ಲಾಯಕ್ಕೂ ಅಂಟಿಸಿ ಬಂದಿರುತ್ತಾರೆ. ಹುಳುಕಡ್ಡಿ ಯಾವ ಲಾಯಕ್ಕಾದರೂ ಬರಬಹುದಾದ ರೋಗ, ಅದರಲ್ಲಿ ಅವಮಾನವೇನಿಲ್ಲ. ತಿಳಿದೂ ಹೇಳದಿದ್ದುದಕ್ಕೆ ಮಾತ್ರ ಕ್ಷಮೆ ಸಿಗುವುದು ಕಷ್ಟ. ಕುದುರೆಗಳು ಒಳಬರುವುದನ್ನೂ ಹೊರಹೋಗುವುದನ್ನೂ ನಿಲ್ಲಿಸಿ, ಗೊರಸಿಗೆ ನಾಲು (ಲಾಳ) ಹಾಕುವವರಿಗೂ ಪಶುವೈದ್ಯರಿಗೂ ಮುಂಚಿತವಾಗಿ ಹೇಳಿ, ಸೋಂಕಿನ ಕುದುರೆಯ ಸರದಿಯನ್ನು ಕೊನೆಗೆ ಇಡಿಸಬೇಕು. ನಾಲು ಹಾಕುವಾಗ ಕಾಲು ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುವುದರಿಂದ ಅವರ ಚರ್ಮದ ಏಪ್ರನ್ ಒಂದು ಲಾಯದಿಂದ ಇನ್ನೊಂದಕ್ಕೆ ಬೀಜಕಗಳನ್ನು ಹೊತ್ತೊಯ್ಯಬಲ್ಲದು.

ನಂತರ ಎಲ್ಲ ಕುದುರೆಗಳ ಮೈಯನ್ನೂ ಹಗಲು ಬೆಳಕಿನಲ್ಲಿ ಅಂಗೈಯಿಂದ ತಡವಿ ನೋಡಿ ಮೂರು ಗುಂಪು ಮಾಡಬೇಕು. ಕಲೆ ಇರುವವು ಒಂದು ಗುಂಪು. ಕಲೆ ಇಲ್ಲದಿದ್ದರೂ ಸೋಂಕಿನ ಕುದುರೆಯ ಬ್ರಷ್ಷು, ಜೀನು, ಪಕ್ಕದ ಕೋಣೆ ಹಂಚಿಕೊಂಡವು ಇನ್ನೊಂದು. ಯಾವ ಸಂಪರ್ಕವೂ ಇಲ್ಲದವು ಮೂರನೆಯದು. ಮೇವು ಹಾಕುವುದು, ಲದ್ದಿ ಬಾಚುವುದು, ಮೈ ತಿಕ್ಕುವುದು ಎಲ್ಲವೂ ಮೂರನೆಯ ಗುಂಪಿನಿಂದ ಆರಂಭವಾಗಿ ಸೋಂಕಿನ ಗುಂಪಿನಲ್ಲಿ ಮುಗಿಯಬೇಕು. ಸಾಧ್ಯವಾದರೆ ಸೋಂಕಿನ ಕುದುರೆಗಳಿಗೆ ಒಬ್ಬರೇ ಸೈಸ್ (ಕುದುರೆ ನೋಡಿಕೊಳ್ಳುವ ಕೆಲಸಗಾರ) ಇರಲಿ. ಅಷ್ಟು ಜನವಿಲ್ಲದಿದ್ದರೆ ಆ ಕೋಣೆಯ ಬಾಗಿಲಲ್ಲೇ ತೊಟ್ಟು, ಅಲ್ಲೇ ಕಳಚಿಡುವ ಉದ್ದ ತೋಳಿನ ಅಂಗಿ ಮತ್ತು ಕೈಗವಸುಗಳನ್ನು ನೇತುಹಾಕಬೇಕು. ಬಕೆಟ್ಟು, ಬ್ರಷ್ಷು, ಮುಖದ ಪಟ್ಟಿ, ಹಗ್ಗ ಪ್ರತಿ ಕುದುರೆಗೂ ಪ್ರತ್ಯೇಕವಿದ್ದು, ಅವುಗಳಿಗೆ ಒಂದೊಂದು ಬಣ್ಣದ ಟೇಪು ಸುತ್ತಿದರೆ ಅಕ್ಷರ ಓದಬೇಕಾದ ಅಗತ್ಯವೇ ಬೀಳುವುದಿಲ್ಲ. ಬರೆದು ಅಂಟಿಸಿದ ಪಟ್ಟಿಗಿಂತ ಕೆಂಪು ಟೇಪು ಹೆಚ್ಚು ಕೆಲಸ ಮಾಡುತ್ತದೆ.

ಕುದುರೆಯ ಮೈಗೆ ಚಿಕಿತ್ಸೆ

ಆರೋಗ್ಯವಂತ ಕುದುರೆಗೆ ಬಂದ ಹುಳುಕಡ್ಡಿ ಚಿಕಿತ್ಸೆ ಇಲ್ಲದೆಯೂ ಸಾಮಾನ್ಯವಾಗಿ 6ರಿಂದ 12 ವಾರಗಳಲ್ಲಿ ಮಾಯುತ್ತದೆ. ಹಾಗಿದ್ದೂ ಚಿಕಿತ್ಸೆ ಮಾಡುವುದು ಬೀಜಕ ಉದುರುವುದನ್ನು ತಗ್ಗಿಸಿ ಉಳಿದ ಕುದುರೆಗಳನ್ನೂ ಮನುಷ್ಯರನ್ನೂ ಕಾಪಾಡುವುದಕ್ಕಾಗಿ. ಪಶುವೈದ್ಯರು ಸಾಮಾನ್ಯವಾಗಿ ಕ್ಲೋರ್‌ಹೆಕ್ಸಿಡಿನ್ ಮತ್ತು ಮೈಕೊನಜೋಲ್ ತಲಾ 2 ಶೇಕಡಾ ಇರುವ ಶಾಂಪೂ ಸೂಚಿಸುತ್ತಾರೆ. ಅದನ್ನು ಹಚ್ಚಿ ಕನಿಷ್ಠ 10 ನಿಮಿಷ ಮೈಮೇಲೆ ಬಿಟ್ಟು ತೊಳೆಯಬೇಕು. ಹಚ್ಚಿದ ಕೂಡಲೇ ನೀರು ಸುರಿದರೆ ಶ್ರಮವೂ ದುಡ್ಡೂ ನೀರಿನ ಪಾಲು. ಎನಿಲ್ಕೊನಜೋಲ್ ದ್ರಾವಣ ಸಿಗುವ ಕಡೆ ಅದನ್ನು 0.2 ಶೇಕಡಾ ಪ್ರಮಾಣಕ್ಕೆ ತೆಳುಗೊಳಿಸಿ, 3–4 ದಿನಗಳ ಅಂತರದಲ್ಲಿ ನಾಲ್ಕು ಸಲ ಹಚ್ಚುವುದು ರೂಢಿ. ಯಾವ ಔಷಧವಾದರೂ ಕಣ್ಣಿಗೆ ಕಾಣುವ ಕಲೆಗಷ್ಟೇ ಹಚ್ಚಿದರೆ ಸಾಲದು, ಸುತ್ತಲಿನ ಚೆನ್ನಾಗಿ ಕಾಣುವ ಚರ್ಮಕ್ಕೂ ತಗುಲಬೇಕು, ಕಲೆ ಹಲವೆಡೆ ಇದ್ದರೆ ಇಡೀ ಮೈಗೆ ಹಚ್ಚಬೇಕು.

ಗಟ್ಟಿ ಬ್ರಷ್ಷಿನಿಂದ ಉಜ್ಜಿ ಹಕ್ಕಳೆ ಕೀಳಬಾರದು. ಔಷಧದ ನೀರಿನಲ್ಲಿ ನೆನೆಸಿ ಮೆತ್ತಗಾದ ಮೇಲೆ ತಾನಾಗಿ ಬರುವಷ್ಟನ್ನು ತೆಗೆದು, ಆ ಕೂದಲು ಹೊಟ್ಟನ್ನು ಒಂದು ಚೀಲದಲ್ಲಿ ಕೂಡಿಸಿ ಸುಡಬೇಕು. ಮಷೀನಿನಿಂದ ಕೂದಲು ಕತ್ತರಿಸಿದರೆ ಚರ್ಮದಲ್ಲಿ ಸಣ್ಣ ಗೀರುಗಳಾಗಿ ಸೋಂಕು ಮೈತುಂಬ ಹರಡಬಹುದು. ಗರ್ತ್ ಅಥವಾ ಜೀನಿನ ಜಾಗದಲ್ಲಿ ಕಲೆ ಇದ್ದರೆ ಅದು ಮಾಯುವವರೆಗೆ ಸವಾರಿ ಬೇಡ. ಬೆವರು ಮತ್ತು ತಿಕ್ಕಾಟ ಎರಡೂ ರೋಗವನ್ನು ಬೆಳೆಸುತ್ತವೆ. ಹೊಟ್ಟೆಗೆ ಕೊಡುವ ಗ್ರಿಸಿಯೊಫುಲ್ವಿನ್ ಸಾಮಾನ್ಯವಾಗಿ ಅಗತ್ಯವಿಲ್ಲ. ಗಬ್ಬದ ಹೆಣ್ಣು ಕುದುರೆಗೆ ಅದನ್ನು ಕೊಡಲೇಬಾರದು, ಗರ್ಭಿಣಿಯರು ಅದರ ಪುಡಿಯನ್ನು ಮುಟ್ಟಲೂಬಾರದು.

ಔಷಧದ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ, ಸ್ಟೆರಾಯ್ಡ್, ಆ್ಯಂಟಿಬಯಾಟಿಕ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಮುಲಾಮುಗಳನ್ನು ಕುದುರೆಗಾಗಲಿ ಮನುಷ್ಯರಿಗಾಗಲಿ ಹಚ್ಚಬಾರದು. ಸ್ಟೆರಾಯ್ಡ್ ಕೆಂಪು ಮತ್ತು ತುರಿಕೆಯನ್ನು ಎರಡು ದಿನದಲ್ಲಿ ಇಳಿಸಿ ವಾಸಿಯಾದಂತೆ ತೋರಿಸುತ್ತದೆ, ಒಳಗೆ ಶಿಲೀಂಧ್ರ ಮಾತ್ರ ಹಾಯಾಗಿ ಹಬ್ಬುತ್ತಿರುತ್ತದೆ. ಇಂಥ ಮುಲಾಮುಗಳ ಮನಬಂದ ಬಳಕೆ, ಭಾರತದಲ್ಲಿ ಈಚಿನ ವರ್ಷಗಳಲ್ಲಿ ಮನುಷ್ಯರ ಹುಳುಕಡ್ಡಿ ಸುಲಭಕ್ಕೆ ಬಗ್ಗದಂತಾಗಿರುವುದಕ್ಕೆ ಒಂದು ಕಾರಣವೆಂದು ಚರ್ಮವೈದ್ಯರು ಎಚ್ಚರಿಸುತ್ತಲೇ ಇದ್ದಾರೆ. ಸೈಸ್‌ಗಳಲ್ಲಿ ಅನೇಕರು ಲಾಯದ ಪಕ್ಕದಲ್ಲೇ ವಾಸವಾಗಿ, ಮುಂಗೈ ಮೇಲೆ ಕಲೆ ಕಂಡೊಡನೆ ಹತ್ತಿರದ ಅಂಗಡಿಯ ಟ್ಯೂಬನ್ನೇ ನಂಬುತ್ತಾರೆ. ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯುವ ಖರ್ಚನ್ನೂ, ಆ ದಿನದ ಕೂಲಿಯನ್ನೂ ಲಾಯವೇ ಭರಿಸುವುದು ನ್ಯಾಯ. ಸವಾರರಲ್ಲಿ ಯಾರಿಗಾದರೂ ಕಲೆ ಕಂಡರೆ ಅವರೂ ತಾವು ಕುದುರೆಗಳ ಜೊತೆ ಇರುವವರೆಂದು ವೈದ್ಯರಿಗೆ ಹೇಳಬೇಕು. ಮಕ್ಕಳ ತರಗತಿಗಳಲ್ಲಿ ತಲೆಯಿಂದ ತಲೆಗೆ ಬದಲಾಗುವ ಹೆಲ್ಮೆಟ್ಟುಗಳನ್ನು ಈ ಅವಧಿಯಲ್ಲಿ ಹಂಚುವುದನ್ನು ನಿಲ್ಲಿಸುವುದು ಒಳ್ಳೆಯದು.

ವಸ್ತುಗಳು ಮತ್ತು ಕೋಣೆ

ಸೋಂಕುನಾಶಕಕ್ಕಿಂತ ಮೊದಲು ಪೊರಕೆ, ಸೋಪು ಮತ್ತು ನೀರು. ಮಣ್ಣು, ಲದ್ದಿ, ಕೂದಲು ಇದ್ದ ಕಡೆ ಬ್ಲೀಚ್ ಸುರಿದರೆ ಅದರ ಶಕ್ತಿಯೆಲ್ಲ ಆ ಕೊಳೆಯಲ್ಲೇ ಮುಗಿದುಹೋಗುತ್ತದೆ. ಹಾಸು ಮರದ ಹೊಟ್ಟಾಗಲಿ ಭತ್ತದ ಹುಲ್ಲಾಗಲಿ ಪೂರ್ತಿ ತೆಗೆದು, ಧೂಳು ಏಳದಂತೆ ಸ್ವಲ್ಪ ನೀರು ಚಿಮುಕಿಸಿ, ಬೇರೆ ಕುದುರೆಗಳಿಂದ ದೂರ ಒಯ್ದು ಸುಡಬೇಕು. ರಬ್ಬರ್ ಹಾಸನ್ನು ಎತ್ತಿ ಅಡಿಯನ್ನೂ ತೊಳೆಯಬೇಕು. ಗೋಡೆ, ಬಾಗಿಲು, ಮೇವಿನ ತೊಟ್ಟಿಗಳನ್ನು ಸೋಪಿನ ನೀರಿನಿಂದ ಉಜ್ಜಿ, ತೊಳೆದು, ನಂತರ ಮನೆಬಳಕೆಯ ಬ್ಲೀಚಿನ ಒಂದು ಭಾಗಕ್ಕೆ ಹತ್ತು ಭಾಗ ನೀರು ಬೆರೆಸಿ ಹಚ್ಚಿ, ಮೇಲ್ಮೈ 10 ನಿಮಿಷ ಒದ್ದೆಯಾಗಿಯೇ ಇರುವಂತೆ ನೋಡಿಕೊಂಡು ಮತ್ತೆ ತೊಳೆಯಬೇಕು. ಇಲ್ಲಿ ಒಂದು ಅಪಾಯವಿದೆ. ಕುದುರೆಯ ಮೂತ್ರದಲ್ಲಿ ಅಮೋನಿಯಾ ಇರುವುದರಿಂದ ಮೂತ್ರ ನಿಂತ ನೆಲಕ್ಕೆ ಬ್ಲೀಚ್ ಬಿದ್ದರೆ ಉಸಿರುಗಟ್ಟಿಸುವ ಕ್ಲೋರಮಿನ್ ಅನಿಲ ಏಳುತ್ತದೆ. ಹಾಗೆಯೇ ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬೆರೆಸಿದರೆ ಕ್ಲೋರಿನ್. ಆದ್ದರಿಂದ ನೆಲವನ್ನು ಮೊದಲು ನೀರಿನಿಂದ ಚೆನ್ನಾಗಿ ತೊಳೆದು, ಕುದುರೆಯನ್ನು ಹೊರಗೆ ಕಟ್ಟಿ, ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಕೈಗವಸು ತೊಟ್ಟು ಈ ಕೆಲಸ ಮಾಡಬೇಕು.

ಬಣ್ಣ ಬಳಿಯದ ಮರ ಮತ್ತು ಬಿರುಕು ಬಿಟ್ಟ ಹಲಗೆಗಳು ಎಷ್ಟು ತೊಳೆದರೂ ಶುಚಿಯಾಗುವುದಿಲ್ಲ. ಕಚ್ಚಿ ಸವೆದ ಹಲಗೆಯನ್ನು ಬದಲಿಸಿ, ಉಳಿದದ್ದಕ್ಕೆ ತೊಳೆದು ಒಣಗಿಸಿದ ಮೇಲೆ ಬಣ್ಣ ಬಳಿಯುವುದು ಮೇಲು. ಮರದ ಹಿಡಿಯ ಹಳೆಯ ಬ್ರಷ್ಷುಗಳನ್ನು ಉಳಿಸಿಕೊಳ್ಳುವ ಆಸೆ ಬಿಟ್ಟು ಸುಟ್ಟು, ತೊಳೆಯಲು ಬರುವ ಪ್ಲಾಸ್ಟಿಕ್ ಬ್ರಷ್ಷುಗಳನ್ನು ತರಬೇಕು. ನಮ್ದಾ, ಕಂಬಳಿ, ಕಾಲಿನ ಪಟ್ಟಿಗಳನ್ನು ಮೊದಲು ಕೊಡವಿ ಕೂದಲು ತೆಗೆದು, ಸಾಧ್ಯವಾದಷ್ಟು ಬಿಸಿ ನೀರಿನಲ್ಲಿ ಎರಡು ಸಲ ಒಗೆದು ಬಿಸಿಲಿಗೆ ಹಾಕಬೇಕು. ಮನೆಯ ಬಟ್ಟೆಗಳ ಜೊತೆ ಮಷೀನಿಗೆ ಹಾಕಬಾರದು. ಚರ್ಮದ ಜೀನಿಗೆ ಬ್ಲೀಚ್ ತಾಗಿದರೆ ಚರ್ಮ ಕೆಡುತ್ತದೆ, ಜೀನಿನ ಸೋಪಿನಿಂದ ಹೊಲಿಗೆಗಳ ಸಂದಿಯವರೆಗೂ ಒರೆಸಿ, ವೈದ್ಯರು ಹೇಳಿದ ಶಿಲೀಂಧ್ರನಾಶಕ ದ್ರಾವಣ ಹಚ್ಚಿ, ಗಾಳಿಯಾಡುವ ಕಡೆ ಒಣಗಿಸಬೇಕು. ಎಲ್ಲರೂ ಮರೆಯುವ ವಸ್ತುಗಳೆಂದರೆ ಸವಾರರ ಬೂಟಿನ ಒಳಮಗ್ಗುಲು, ಕುದುರೆ ಸಾಗಿಸುವ ವ್ಯಾನಿನ ಅಡ್ಡಗಂಬಿ, ಕೂದಲು ಕತ್ತರಿಸುವ ಮಷೀನಿನ ಬ್ಲೇಡು ಮತ್ತು ಲಾಯದ ಬೆಕ್ಕು ಮಲಗುವ ಹಳೆಯ ಗೋಣಿಚೀಲ.

ಮತ್ತೆ ತೆರೆಯುವುದು

ಕಲೆಯ ಮೇಲೆ ಹೊಸ ಕೂದಲು ಬಂದ ಮಾತ್ರಕ್ಕೆ ರೋಗ ಮುಗಿಯಿತೆಂದು ಹೇಳಲಾಗದು. ಹೊಸ ಕಲೆ ಏಳುವುದು ನಿಂತಿರಬೇಕು, ಹಳೆಯ ಕಲೆಗಳಲ್ಲಿ ಹೊಟ್ಟು ಇಲ್ಲದೆ ಕೂದಲು ಬೆಳೆದಿರಬೇಕು, ಮತ್ತು ಖರ್ಚು ಸಾಧ್ಯವಿದ್ದರೆ ಮರುಪರೀಕ್ಷೆಯಲ್ಲಿ ಶಿಲೀಂಧ್ರ ಕಾಣದಿರಬೇಕು. ಹೊಸ ಹಲ್ಲುಜ್ಜುವ ಬ್ರಷ್ಷಿನಿಂದ ಹಳೆಯ ಕಲೆಗಳ ಮೇಲೆಲ್ಲ ಬಾಚಿ, ಆ ಬ್ರಷ್ಷನ್ನೇ ಲಕೋಟೆಯಲ್ಲಿ ಪ್ರಯೋಗಾಲಯಕ್ಕೆ ಕಳಿಸುವುದು ಇದಕ್ಕೆ ಸರಳ ವಿಧಾನ. ಕೊನೆಯ ಹೊಸ ಕಲೆ ಕಂಡ ದಿನದಿಂದ 4 ವಾರ ಎಣಿಸಿ, ಆ ಅವಧಿಯಲ್ಲಿ ಯಾವ ಕುದುರೆಯಲ್ಲೂ ಹೊಸತು ಕಾಣದಿದ್ದರೆ ಮಾತ್ರ ಹೊರಗಿನ ಕುದುರೆಗಳಿಗೆ ಬಾಗಿಲು ತೆರೆಯುವುದು ಕ್ಷೇಮ. ಅಂದಿನಿಂದ ಒಳಬರುವ ಪ್ರತಿ ಹೊಸ ಕುದುರೆಯನ್ನೂ, ಅದು ರೇಸ್ ಬಿಟ್ಟು ಬಂದದ್ದಿರಲಿ, ಪರಿಚಿತರದೇ ಆಗಿರಲಿ, 3 ವಾರ ಪ್ರತ್ಯೇಕ ಕೋಣೆಯಲ್ಲಿ, ತನ್ನದೇ ಬ್ರಷ್ಷು ನಮ್ದಾಗಳೊಂದಿಗೆ ಇರಿಸಿ ವಾರಕ್ಕೆರಡು ಸಲವಾದರೂ ಮೈ ತಡವಿ ನೋಡುವ ನಿಯಮವನ್ನು ಬಾಡಿಗೆಯ ಕರಾರಿನಲ್ಲೇ ಬರೆದುಕೊಳ್ಳಬೇಕು. ಸೋಂಕಿನ ಕಾಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ ಕಂಬಳಿ, ಗರ್ತ್‌ಗಳೇನಾದರೂ ಉಳಿದಿದ್ದರೆ ಅವನ್ನು ಚಳಿಗಾಲದಲ್ಲಿ ಕೆಳಗಿಳಿಸಿ ನೇರ ಹೊದಿಸದೆ, ಮೊದಲು ಮೇಲೆ ಹೇಳಿದಂತೆ ಎರಡು ಸಲ ಒಗೆಯಬೇಕು.