ಬಟ್ಟೆ ಒಣಗಿಸುವ ತಂತಿಯಲ್ಲಿ ರಾಯಚೂರು ಸಿಕ್ಕಿತು

‘ಹವಾಲ್ದಾರ್ ಸಾಹೇಬರೇ, ಇದರ ಮೇಲೆ ಬಟ್ಟೆ ಒಣಗಿಸಿರಿ’ ಎಂದು ರಾಯಚೂರಿನ ಹ್ಯಾಮ್ (ಹವ್ಯಾಸಿ ರೇಡಿಯೊ) ಗೆಳೆಯರು ನಕ್ಕಿದ್ದರು. ಲಿಂಗಸುಗೂರಿನ ನಮ್ಮ ಹೊಲದಲ್ಲಿ ಬಿದಿರಿಗೆ ಹನ್ನೆರಡು ಅಡಿ ಎತ್ತರಕ್ಕೆ ಕಟ್ಟಿದ ಎರಡು ತೋಳಿನ ತಂತಿ ಆಂಟೆನಾ, ಅಂದರೆ ಡೈಪೋಲ್‌ನ ಫೋಟೊ ಕಳುಹಿಸಿದ್ದೆ. ಈಗ ಹಗಲು ಹೊತ್ತು ಅದೇ ತಂತಿಯಿಂದ ಅವರೊಂದಿಗೇ ಮಾತನಾಡುತ್ತೇನೆ. ದೂರ ಸುಮಾರು 90 ಕಿ.ಮೀ., ಶಕ್ತಿ 20 ವ್ಯಾಟ್.

ಈ ಗೀಳು ಹತ್ತಿದ್ದು 2019ರ ಆಗಸ್ಟ್ ಪ್ರವಾಹದಲ್ಲಿ. ಬಸವಸಾಗರ ಜಲಾಶಯದಿಂದ ಲಕ್ಷಗಟ್ಟಲೆ ಕ್ಯುಸೆಕ್ ನೀರು ಬಂದು ಶೀಲಹಳ್ಳಿ ಸೇತುವೆ ಮುಳುಗಿತು. ಕೃಷ್ಣೆಯ ನಡುಗಡ್ಡೆಯವರು ಆಚೆಯೇ ಉಳಿದರು. ಅಂಥ ಹೊತ್ತಿನಲ್ಲಿ ಕರೆಂಟು ಹೋಗಿ ಟವರ್‌ನ ಬ್ಯಾಟರಿಯೂ ಇಳಿದರೆ ಮೊಬೈಲ್ ಬರೀ ಟಾರ್ಚು. ಇಪ್ಪತ್ತು ವರ್ಷ ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಲ್ಲಿ ದುಡಿದವನಿಗೆ ಸ್ವಂತ ಜಿಲ್ಲಾ ಕೇಂದ್ರದೊಂದಿಗೆ ಮಾತನಾಡುವ ದಾರಿ ಇಲ್ಲವೆಂದರೆ ನಾಚಿಕೆಯಾಗುವುದಿಲ್ಲವೇ?

ವಿಎಚ್‌ಎಫ್ ಕೈಸೆಟ್ಟು (ವಾಕಿಟಾಕಿ) ಇಷ್ಟು ದೂರ ಮುಟ್ಟಲಿಲ್ಲ, ಬಿಡಿ. ಆಮೇಲೆ 33 ಅಡಿಯ ಜಿಐ ಪೈಪನ್ನೇ ಆಂಟೆನಾ ಮಾಡಿ ನೆಟ್ಟಗೆ ನಿಲ್ಲಿಸಿದೆ. ಪೈಪು, ಹಗ್ಗ, ಗಾರೆ ಕೆಲಸದವರ ಕೂಲಿ ಸೇರಿ ಏಳು ಸಾವಿರದ ಹತ್ತಿರ ಹೋಯಿತು. ಕೇರಳ ಕೇಳಿಸಿತು, ಶ್ರೀಲಂಕಾ ಕೇಳಿಸಿತು, ರಾಯಚೂರು ಮಾತ್ರ ಸತ್ತರೂ ಕೇಳಿಸಲಿಲ್ಲ. ಮುಂಗಾರಿನ ಗಾಳಿಗೆ ಪೈಪು ಪಕ್ಕದವರ ದನದ ಕೊಟ್ಟಿಗೆಯ ಮೇಲೆ ಬಿತ್ತು. ತಗಡಿಗೆ ಮತ್ತೆ ಸಾವಿರದ ಎಂಟುನೂರು ತೆತ್ತೆ.

ಆ ತಗಡು ಬಡಿಯುತ್ತಿರುವಾಗಲೇ ಹಳೆಯದೊಂದು ನೆನಪಾಯಿತು. ಕಣಿವೆಯಲ್ಲಿದ್ದಾಗ ನಮ್ಮ ಉಸ್ತಾದ್ ವಾಹನದ ವಿಪ್ ಆಂಟೆನಾವನ್ನು ಬಾಗಿಸಿ ಹಿಂದಕ್ಕೆ ಕಟ್ಟಿಸುತ್ತಿದ್ದರು. ಅಲೆ ನೆತ್ತಿಯ ಮೇಲಕ್ಕೆ ಹೋಗಿ, ಬಾನಿನ ಮೇಲ್ಪದರಕ್ಕೆ ತಾಗಿ, ಗುಡ್ಡದ ಆಚೆ ಮಳೆಯಂತೆ ಇಳಿಯುತ್ತಿತ್ತು. ನನ್ನ ನೆಟ್ಟಗಿನ ಪೈಪು ಅಲೆಯನ್ನು ದೂರಕ್ಕೆ ಎಸೆದು ರಾಯಚೂರನ್ನು ದಾಟಿಸುತ್ತಿತ್ತು. ನನಗೂ ಬೇಕಿದ್ದದ್ದು ನೆತ್ತಿಗೆ ಹೋಗಿ ಇಳಿಯುವ ಅಲೆ, ಅದಕ್ಕೆ ತಗ್ಗಿನಲ್ಲಿ ಅಡ್ಡ ಕಟ್ಟಿದ ತಂತಿಯೇ ಸರಿ.

7.1 ಮೆಗಾಹರ್ಟ್ಸ್‌ಗೆ ಎರಡೂ ಕಡೆ ಹತ್ತು ಹತ್ತು ಮೀಟರ್ ಸಾಕು. ಮೊದಲು ಮೋಟಾರು ರಿವೈಂಡಿಂಗ್ ಅಂಗಡಿಯಿಂದ ತಾಮ್ರದ ತಂತಿಯನ್ನು ತೂಕಕ್ಕೆ ತಂದೆ. ಅದು ದಿನದಿನಕ್ಕೆ ಹಿಗ್ಗಿ ಜೋತುಬಿದ್ದು, ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಎಷ್ಟು ಶಕ್ತಿ ವಾಪಸು ಬರುತ್ತದೆಂದು ತೋರಿಸುವ ಅಳತೆ, ಹೆಚ್ಚಾದಷ್ಟೂ ಕೆಟ್ಟದ್ದು) 3 ದಾಟಿತು. ಮನೆ ವೈರಿಂಗ್‌ನ ಒಂದೂವರೆ ಎಂಎಂ ವೈರು ಹಾಕಿದ ಮೇಲೆ ಸರಿಹೋಯಿತು. ನಮ್ಮದು ಎರೆ ಭೂಮಿ. ಅಲೆ ಮೇಲಕ್ಕೆ ಪುಟಿಯಲೆಂದು ಆಂಟೆನಾದ ಕೆಳಗೆ ನೆಲದಲ್ಲಿ ಇನ್ನೊಂದು ತಂತಿ ಹಾಸಿದ್ದೇನೆ. ಎಷ್ಟು ಉದ್ದ, ಯಾವ ಕಡೆಗೆ ಎಂದು ಈಗ ಹೇಳುವುದಿಲ್ಲ, ಬೇಸಿಗೆಯ ಪರೀಕ್ಷೆ ಬಾಕಿ ಇದೆ.

ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ದನಿ ಗಟ್ಟಿ. ಹೊತ್ತು ಮುಳುಗಿದರೆ ರಾಯಚೂರು ಮಾಯವಾಗಿ ದೂರದವರು ತುಂಬಿಕೊಳ್ಳುತ್ತಾರೆ. ರಾತ್ರಿಗೆಂದೇ 3.6 ಮೆಗಾಹರ್ಟ್ಸ್‌ಗೆ ಇಮ್ಮಡಿ ಉದ್ದದ ತಂತಿ ಬೇರೆ ಇದೆ. ಎರಡು ವಾರ ಸೆಟ್ಟಿನಲ್ಲಿ ಕೇಳುತ್ತಿದ್ದ ಗೊರಗೊರ ಸದ್ದಿನ ಹಿಂದೆ ಬಿದ್ದಿದ್ದೆ. ಕೊನೆಗೆ ಕಳ್ಳ ಸಿಕ್ಕಿದ್ದು ನಮ್ಮ ಅಡುಗೆಮನೆಯ ಎಲ್‌ಇಡಿ ಬಲ್ಬಿನಲ್ಲಿ. ಸೆಟ್ಟಿಗೆ ಹಳೆಯ ಯುಪಿಎಸ್ ಬ್ಯಾಟರಿ, ಮೂರೂವರೆ ಸಾವಿರ. ಹಳೆಯ ಸೆಟ್ಟಿನ ಬೆಲೆ ಮನೆಯಲ್ಲಿ ಇನ್ನೂ ಹೇಳಿಲ್ಲ.

ಮಳೆಗಾಲಕ್ಕೆ ಮುಂಚೆ ಲ್ಯಾಪ್‌ಟಾಪ್ ಜೋಡಿಸಿ ಅಕ್ಷರ ಕಳುಹಿಸಲು ನೋಡಿದೆ. ದನಿ ಕೇಳಿಸದಷ್ಟು ಕ್ಷೀಣವಿದ್ದರೂ ಅಕ್ಷರ ಹೋಗುತ್ತದೆ, ಆದರೆ ನಾನು ಬಳಸಿದ ತಂತ್ರಾಂಶಕ್ಕೆ ಕನ್ನಡ ಬಾರದು. ಇಂಗ್ಲಿಷ್ ಅಕ್ಷರಗಳಲ್ಲೇ ‘doni beku’ (ದೋಣಿ ಬೇಕು) ಎಂದು ಒತ್ತಿದೆ. ಅರ್ಧ ನಿಮಿಷದ ಮೇಲೆ ಗೆಳೆಯರ ಉತ್ತರ ಬಂತು: ‘ಯಾಕೆ ಸಾಹೇಬರೇ, ಇವತ್ತು ಮ್ಯಾಚ್ ಇದೆಯೇ?’